ಶಿಶುವಿನ ಬಟ್ಟೆಯ ಮೆಟ್ಟು

ಭರತಖಂಡದಲ್ಲಿ ಪಾದರಕ್ಷೆಯ ಚರಿತ್ರೆಯು ಬಹು ಪ್ರಾಚೀನವಾದುದು. ರಾಜಸೂಯದಲ್ಲಿ ಅರಸನು ಹಂದಿಯ ತೊಗಲಿನ ಮೆಟ್ಟುಗಳನ್ನು ತೊಡುವ ವಿಧಿಯು ಶತಪಥಬ್ರಾಹ್ಮಣದಲ್ಲಿಯೇ ಉಂಟು. ಆದರೆ ತೊಗಲು ಹೊಸ್ತಿಲಿನ ಹೊರಗೆ ನಿಲ್ಲತಕ್ಕದ್ದು. ಶಿಶುವಾದರೋ ಒಳಗೆ ಬೆಳೆಯತಕ್ಕದ್ದು. ಸೆಕೆಯ ನಾಡಾದ ಕರಾವಳಿಯಲ್ಲಿ ಬರಿಗಾಲೇ ಸುಖ. ಆದುದರಿಂದ ಸಾಲಿಗ್ರಾಮದಂತಹ ಊರುಗಳಲ್ಲಿ ಕೂಸಿನ ತಲೆಗೆ ಕುಲಾವಿಯನ್ನು ಹೊಲಿದ ಸೂಜಿಗೆ ಕಾಲಿನ ಚಿಂತೆ ಇರಲಿಲ್ಲ.

ಬಾಸೆಲ್ ಮಿಷನ್ನವರು 1834ರಲ್ಲಿ ಮಂಗಳೂರಿಗೆ ಬಂದ ತರುವಾಯ ಅವರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯೂ ಒಂದು ಪಾಠವಾಯಿತು. 1851ರಲ್ಲಿ ಅಮೆರಿಕೆಯ ಸಿಂಗರನು ತನ್ನ ಹೊಲಿಗೆಯಂತ್ರಕ್ಕೆ ಪೇಟೆಂಟು ಪಡೆದನು. ಕಾಲಕ್ರಮದಲ್ಲಿ ಬಟ್ಟೆಯ ಮೆಟ್ಟು ಮನೆಗೆಲಸವಾಯಿತು. ಅದರ ಆಕಾರವು ಹೊಸದು, ನಿಯಮವು ಹಳೆಯದು.

ಶಿಶುವಿನ ಹಾಸುಹೊದಿಕೆಗಳು ಮೃದುವೂ ಹಗುರವೂ ಶುಚಿಯೂ ಆಗಿರಬೇಕೆಂದೂ, ಬೇರೆ ದೊರೆಯದಿದ್ದಲ್ಲಿ ಇದ್ದವನ್ನೇ ಚೆನ್ನಾಗಿ ಒಗೆದು, ಧೂಪ ಹಾಕಿ, ಒಣಗಿಸಿ ಬಳಸಬಹುದೆಂದೂ ಚರಕಸಂಹಿತೆಯ ಶಾರೀರಸ್ಥಾನವು ವಿಧಿಸುತ್ತದೆ. ಒಗೆದೊಗೆದು ಮೆತ್ತಗಾದ ಅಜ್ಜಿಯ ಸೀರೆಯನ್ನು ಕೂಸಿಗಾಗಿ ಕತ್ತರಿಸುವುದು ಬಡತನದ ಗುರುತಲ್ಲ, ವಿವೇಕದ ಗುರುತು.

ಶಿಶುವಿನ ಪಾದದ ಎಲುಬುಗಳು ಬಹುಮಟ್ಟಿಗೆ ಮೃದ್ವಸ್ಥಿಯೇ; ಬಿಗಿದರೆ ವಕ್ರವಾದಾವು. ಆದುದರಿಂದ ಮೆಟ್ಟಿನ ಅಟ್ಟೆಯೂ ಬಟ್ಟೆಯದೇ ಇರಲಿ, ಬೆರಳುಗಳಿಗೆ ಎಡೆಯಿರಲಿ, ಹೊಲಿಗೆಯ ಅಂಚು ಹೊರಕ್ಕೆ ಬರಲಿ, ದಾರವು ಸಡಿಲವಿರಲಿ. ಆಷಾಢದ ಮಳೆಯಲ್ಲಿ ತೇವಗೊಂಡುದನ್ನು ಆಗಲೇ ಕಳಚಬೇಕು. ಮೆಟ್ಟು ಬೆಚ್ಚಗಿಡಲು ಮಾತ್ರ. ನಡೆಯಲು ಕಲಿಸುವುದು ನೆಲವೇ. ಮಗುವು ಗೋಡೆ ಹಿಡಿದು ನಿಂತ ದಿನ ತಾಯಿಯು ಅದನ್ನು ಬಿಚ್ಚಿಡುವುದೇ ಲೇಸು.