‘ಬಿಡು’ ಎಂಬ ಪದವನ್ನು ಬಿಡಿಸಿದವರು

ಸೋತು ಸುಮ್ಮನಾಗುವುದಕ್ಕೆ ನಾವು ಕೈಬಿಡುವುದು ಎನ್ನುತ್ತೇವೆ. ಈ ‘ಬಿಡು’ವಿಗೆ ನಿಘಂಟಿನಲ್ಲಿ ಅರ್ಥ ಬರೆಯಲು ಕೂತವರ ಪಾಡನ್ನು ಒಮ್ಮೆ ನೆನೆಯಬೇಕು. ಮಳೆ ಬಿಟ್ಟಿತು ಎಂದರೆ ನಿಂತಿತು, ಮರ ಕಾಯಿ ಬಿಟ್ಟಿತು ಎಂದರೆ ಫಸಲು ಶುರುವಾಯಿತು. ಊರು ಬಿಟ್ಟವನು ಹೊರಟುಹೋದ, ಬೀಡು ಬಿಟ್ಟವನು ಅಲ್ಲೇ ತಂಗಿದ. ಕಣ್ಣು ಬಿಟ್ಟರೆ ತೆರೆದ ಹಾಗೆ, ಗಡ್ಡ ಬಿಟ್ಟರೆ ಬೆಳೆಸಿದ ಹಾಗೆ, ಶಾಸನದಲ್ಲಿ ದೇವರಿಗೆ ಗದ್ದೆ ಬಿಟ್ಟರೆ ದತ್ತಿ ಕೊಟ್ಟ ಹಾಗೆ. ‘ಹೋಗಿಬಿಟ್ಟ’ ಎಂಬಲ್ಲಿ ಅದಕ್ಕೆ ಸ್ವಂತ ಅರ್ಥವೇ ಉಳಿದಿಲ್ಲ, ಮಾತಿಗೆ ಒತ್ತು ಕೊಡುವುದಷ್ಟೇ ಕೆಲಸ. ಇದಿಷ್ಟನ್ನೂ ಹುಡುಕಿ, ಯಾವ ಅರ್ಥ ಯಾವುದರಿಂದ ಕವಲೊಡೆಯಿತೆಂದು ಯೋಚಿಸಿ, ಸಾಲಾಗಿ ಜೋಡಿಸಬೇಕು. ಜೋಡಿಸಿ ತಲೆಯೆತ್ತಿದರೆ ಇನ್ನೂ ಹತ್ತಾರು ಸಾವಿರ ಪದಗಳು ಕಾದಿರುತ್ತವೆ. ಸಾಕಪ್ಪಾ ಅನ್ನಿಸಲು ಇದಕ್ಕಿಂತ ತಕ್ಕ ಕೆಲಸ ನನಗೆ ಹೊಳೆಯುವುದಿಲ್ಲ. ಆದರೂ ಕನ್ನಡದಲ್ಲಿ ಇಂಥ ಭಾರಿ ಕೆಲಸಗಳು ದಡ ಮುಟ್ಟಿವೆ. ಹೇಗೆಂದು ಕೇಳಿದರೆ ‘ಛಲ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧ. ಛಲ ಕೆಲಸಕ್ಕೆ ಕಿಡಿ ಹೊತ್ತಿಸುತ್ತದೆ, ಒಪ್ಪೋಣ. ಮೂವತ್ತು, ಐವತ್ತು ವರ್ಷ ಅದನ್ನು ಆರದಂತೆ ಕಾದದ್ದು ಆ ಕೆಲಸವನ್ನು ಕಟ್ಟಿದ ರೀತಿ ಎಂಬುದು ನನ್ನ ವಾದ.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯಲ್ಲಿ. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದದ್ದೂ ಅದೇ ವರ್ಷ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಇಲ್ಲಿಗೆ ಬಂದಾಗ ಕಿಟ್ಟೆಲ್‌ಗೆ ಇಪ್ಪತ್ತೊಂದು ವರ್ಷ. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಬಂದದ್ದು 1894ರಲ್ಲಿ, ಅರವತ್ತೆರಡನೆಯ ವಯಸ್ಸಿಗೆ. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ನಡುವೆ 1877ರಲ್ಲಿ ಆರೋಗ್ಯ ಕೆಟ್ಟು ಜರ್ಮನಿಗೆ ಮರಳಿದ್ದರು. ಅಲ್ಲೇ ಉಳಿದಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. 1883ರಲ್ಲಿ ಸಂಸಾರವನ್ನು ಅಲ್ಲೇ ಬಿಟ್ಟು ಮತ್ತೆ ಬಂದರು. ಆದರೆ ಬರಿಗೈಯಲ್ಲಿ ಮರಳಿ ಬಂದವರಲ್ಲ. ದೊಡ್ಡ ನಿಘಂಟಿಗೆ ಮೊದಲೇ, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಸಂಪಾದಿಸಿ ಪ್ರಕಟಿಸಿದ್ದರು. ಒಂದು ಕೈಯಲ್ಲಿ ಮುಗಿಯದ ಕೆಲಸ, ಇನ್ನೊಂದರಲ್ಲಿ ಮುಗಿದು ಓದುಗರನ್ನು ತಲುಪಿದ ಕೆಲಸ. ಈ ಎರಡನೆಯದೇ ಮೊದಲನೆಯದಕ್ಕೆ ನಡುನಡುವೆ ಉಸಿರು ತುಂಬಿತೆಂದು ನನಗನ್ನಿಸುತ್ತದೆ. ಜೊತೆಗೆ ಕನ್ನಡದ ಪಂಡಿತರು ಇದ್ದರು. ಹಳೆಯ ಪದ್ಯವನ್ನು ಎದುರು ಕೂತು ಬಿಡಿಸಿ ಹೇಳುವವರೊಬ್ಬರಿದ್ದರೆ ಮನಸ್ಸಿಲ್ಲದ ದಿನವೂ ಪುಸ್ತಕ ತೆರೆಯಲೇಬೇಕಾಗುತ್ತದೆ.

ಅವರು ಧರ್ಮಪ್ರಚಾರಕರು, ದೈವಭಕ್ತಿಯೇ ಅವರನ್ನು ನಡೆಸಿತು ಎಂದು ಹೇಳುವವರಿದ್ದಾರೆ. ಈ ಮಾತನ್ನು ತಳ್ಳಿಹಾಕಲಾರೆ. ಕಿಟ್ಟೆಲ್ ಕೊನೆಯವರೆಗೂ ಕ್ರೈಸ್ತರಾಗಿಯೇ ಬದುಕಿದರು. ಆದರೆ ಪ್ರವಚನ ಮಾಡುವುದಕ್ಕೆ ಜೈನ ಕವಿಗಳ ಹಳಗನ್ನಡ ಬೇಕಿರಲಿಲ್ಲ, ಪುಟಪುಟಕ್ಕೂ ಸೇರಿಸಿದ ಹಳ್ಳಿಗರ ಗಾದೆಗಳೂ ಬೇಕಿರಲಿಲ್ಲ. ಭಕ್ತಿ ಅವರನ್ನು ಹಡಗು ಹತ್ತಿಸಿತು. ಒಂದೊಂದು ಪದದ ಮುಂದೆ ಕೂರಿಸಿದ್ದು ಆ ಪದದ ಮೇಲಿನ ಕುತೂಹಲವೇ.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕಥೆ ಇನ್ನೂ ಕಠಿಣವಾದದ್ದು. 1940ರ ದಶಕದಲ್ಲಿ ಶುರುವಾದ ಕೆಲಸದ ಮೊದಲ ಸಂಪುಟ ಬಂದದ್ದು 1970ರಲ್ಲಿ. ಕಾಲು ಶತಮಾನ ತೋರಿಸಲು ಒಂದು ಸಂಪುಟವೂ ಇಲ್ಲ. ಅಷ್ಟು ಕಾಲ ಅಲ್ಲಿ ಇದ್ದದ್ದು ಚೀಟಿ. ಒಂದು ಚೀಟಿಗೆ ಒಂದು ಪದ. ಅದರಡಿ ಆ ಪದ ಬಂದ ಸಾಲು, ಕೃತಿ ಅಥವಾ ಶಾಸನದ ಹೆಸರು, ಪದ್ಯದ ಸಂಖ್ಯೆ. ಬರೆದಾದ ಮೇಲೆ ಅಕಾರಾದಿಯಾಗಿ ಅದರ ಜಾಗಕ್ಕೆ ಸೇರಬೇಕು. ನೋಡಲು ಬಡಕಲು ಸಾಧನ, ಆದರೆ ಅದರ ಜಾಣತನ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ನಿಘಂಟು ಯಾವತ್ತು ಮುಗಿಯುತ್ತದೋ ಗೊತ್ತಿಲ್ಲ, ಈ ಚೀಟಿ ಮಾತ್ರ ಇವತ್ತೇ ಮುಗಿಯುತ್ತದೆ. ಬರೆದವರು ಇಲ್ಲವಾದರೂ ಬೇರೊಬ್ಬರು ಅದನ್ನು ಕೈಗೆತ್ತಿಕೊಂಡು ಮುಂದುವರಿಸಬಹುದು. ಹಾಗೆಯೇ ಆಯಿತು. ಸಂಪಾದಕತ್ವದ ಭಾರ ಹೊತ್ತಿದ್ದ ಡಿ. ಎಲ್. ನರಸಿಂಹಾಚಾರ್ ಮೊದಲ ಸಂಪುಟ ಕಂಡ ಮರುವರ್ಷ, 1971ರಲ್ಲಿ ತೀರಿಕೊಂಡರು. ಅವರ ನಂತರವೂ ಕೆಲಸ ನಡೆಯಿತು. ಎಂಟನೆಯ, ಕೊನೆಯ ಸಂಪುಟ ಬಂದದ್ದು 1995ರಲ್ಲಿ. ಅಲ್ಲಿಯವರೆಗೆ ಅದನ್ನು ಮುನ್ನಡೆಸಿದ ಜಿ. ವೆಂಕಟಸುಬ್ಬಯ್ಯನವರಿಗೆ ಆಗ ಎಂಬತ್ತು ದಾಟಿತ್ತು.

ಮುಗಿದವುಗಳನ್ನಷ್ಟೇ ಆರಿಸಿಕೊಂಡು ಹೀಗೆ ಮುಗಿಯಿತು ಎನ್ನುವುದು ಸುಲಭ, ಇಷ್ಟೇ ಶಿಸ್ತಿನಿಂದ ನಡೆದೂ ಅರ್ಧಕ್ಕೇ ನಿಂತವು ಎಷ್ಟೋ ಇರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ಪರಿಷತ್ತಿನ ನಿಘಂಟನ್ನು 1995ರಿಂದ ಹಿಂದಕ್ಕೆ ನೋಡದೆ 1965ರಲ್ಲಿ ನಿಂತು ನೋಡಬೇಕು. ಆಗ ಹೊರಗಿನವರ ಕಣ್ಣಿಗೆ ಅದು ನೆನೆಗುದಿಗೆ ಬಿದ್ದ ಕೆಲಸ. ಅದನ್ನು ಸೋಲಿನಿಂದ ಬೇರ್ಪಡಿಸುತ್ತಿದ್ದದ್ದು ಚೀಟಿಗಳು ಮತ್ತು ಅವನ್ನು ಓದಬಲ್ಲ ಕೆಲವರು. ಆ ಎರಡರಲ್ಲಿ ಒಂದು ಇಲ್ಲದಿದ್ದರೂ ಎಂಥ ಛಲಗಾರನಿಗೂ ಅದನ್ನು ಎತ್ತಿ ನಿಲ್ಲಿಸಲಾಗುತ್ತಿರಲಿಲ್ಲ. ಇದಕ್ಕಿಂತ ನೋವಿನ ಆಕ್ಷೇಪ ಇನ್ನೊಂದಿದೆ: ಬಿಡದೆ ಹಿಡಿದದ್ದರ ಬೆಲೆ ತೆತ್ತವರು ಯಾರು? 1883ರಿಂದ 1892ರಲ್ಲಿ ಕಿಟ್ಟೆಲ್ ಮರಳುವವರೆಗೆ ಅವರ ಮನೆಯವರು ಜರ್ಮನಿಯಲ್ಲಿ ಕಾದರು. ಆ ಒಂಬತ್ತು ವರ್ಷಗಳಿಗೆ ನನ್ನಲ್ಲಿ ಸಮಾಧಾನವಿಲ್ಲ. ನಿಘಂಟಿನ ಹಿರಿಮೆಯನ್ನು ಮುಂದಿಟ್ಟು ಆ ಲೆಕ್ಕವನ್ನು ತೀರಿಸಲು ನಾನು ಒಪ್ಪುವುದಿಲ್ಲ. ಹೊರೆಯನ್ನು ಹಲವು ಹೆಗಲಿಗೆ ಹಂಚಿದ ಪರಿಷತ್ತಿನ ದಾರಿ ನನಗೆ ಹೆಚ್ಚು ಹಿಡಿಸುವುದು ಈ ಕಾರಣಕ್ಕೇ.

ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದರು. ನಾಡಿನ ಮೂಲೆಮೂಲೆಯಿಂದ ಓದುಗರು ಪದಗಳನ್ನು ಕೇಳಿ ಬರೆಯುತ್ತಿದ್ದರು: ಇದರ ಅರ್ಥವೇನು, ಎಲ್ಲಿಂದ ಬಂತು, ಯಾವ ರೂಪ ಸರಿ. ಎಂಟನೆಯ ಸಂಪುಟ ಮುಗಿದು ಪುಸ್ತಕದ ಕಪಾಟು ಸೇರಿದ ಮೇಲೂ ಆ ಕಾಗದಗಳು ಬರುತ್ತಲೇ ಇದ್ದವು, ಅವರು ಒಂದೊಂದಾಗಿ ಉತ್ತರಿಸುತ್ತಲೇ ಇದ್ದರು.