ಒಂದೇ ಬಣ್ಣದ ಚಿತ್ರ

ರೇಡಿಯೋದಲ್ಲಿ ಚಿತ್ರಕಲೆಯ ಬಗ್ಗೆ ಮಾತನಾಡುವುದು ಕಷ್ಟದ ಕೆಲಸ. ಚಿತ್ರ ಕಣ್ಣಿಗೆ ಬೀಳದೆ ಮಾತು ಮಾತ್ರ ಕಿವಿಗೆ ಬಿದ್ದರೆ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಇಂದು ನಾನು ಹೇಳಹೊರಟಿರುವ ಚಿತ್ರಗಳ ಮಟ್ಟಿಗೆ ಆ ತೊಂದರೆಯಿಲ್ಲವೆಂದೇ ಮೊದಲ ನೋಟಕ್ಕೆ ತೋರಬಹುದು. ಒಂದು ಚಿತ್ರಪಟ; ಅದರ ತುಂಬ ಕಪ್ಪು. ಇನ್ನೊಂದರ ತುಂಬ ನೀಲಿ. ಮತ್ತೊಂದರ ತುಂಬ ಬಿಳಿ. ವರ್ಣನೆ ಅಲ್ಲಿಗೆ ಮುಗಿಯಿತು. ಮರವಿಲ್ಲ, ಮನುಷ್ಯನಿಲ್ಲ, ಅನೇಕ ವೇಳೆ ಒಂದು ಗೆರೆ ಕೂಡ ಇಲ್ಲ. ಇಂಥ ಚಿತ್ರದ ಮುಂದೆ ನಿಂತವರ ಬಾಯಿಂದ ಹೊರಡುವ ಮಾತು ಎಲ್ಲ ದೇಶಗಳಲ್ಲೂ ಒಂದೇ: 'ಇದನ್ನು ನಮ್ಮ ಮನೆಯ ಮಗುವೂ ಮಾಡೀತು.' ಸಂಕೋಚದವರು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. ಧೈರ್ಯವಂತರು ಗಟ್ಟಿಯಾಗಿ ಹೇಳುತ್ತಾರೆ. ಈ ಮಾತನ್ನು ಅರಸಿಕತೆಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಕಲೆಯ ಹೆಸರಿನಲ್ಲಿ ತನಗೆ ಮೋಸವಾಗುತ್ತಿದೆಯೇ ಎಂದು ಕೇಳುವ ಹಕ್ಕು ನೋಡುವವನಿಗೆ ಇದ್ದೇ ಇದೆ. ಆ ಸಂಶಯಕ್ಕೂ ಒಂದು ಇತಿಹಾಸವಿದೆ. ಏಕವರ್ಣ ಚಿತ್ರದ ಕಥೆ ಮೊದಲಾಗುವುದೇ ಒಂದು ತಮಾಷೆಯಿಂದ.

1882ರಲ್ಲಿ, ತಮ್ಮನ್ನು 'ಅಸಂಬದ್ಧರು' ಎಂದು ಕರೆದುಕೊಂಡ ಕೆಲವು ವಿನೋದಪ್ರಿಯರು ಪ್ಯಾರಿಸಿನಲ್ಲಿ ಒಂದು ಪ್ರದರ್ಶನ ನಡೆಸಿದರು. ಚಿತ್ರ ಬರೆಯಲು ಬಾರದವರೂ ಅದರಲ್ಲಿ ಭಾಗವಹಿಸಬಹುದಿತ್ತು. ಪಾಲ್ ಬಿಲೋ ಎಂಬ ಸಾಹಿತಿ ಪೂರ್ತಿ ಕಪ್ಪಾದ ಒಂದು ಚಿತ್ರವನ್ನು ತೂಗುಹಾಕಿದ. ಅದರ ಹೆಸರು ಕರಿಯ ಜನರ ಮೈಬಣ್ಣವನ್ನು ಗೇಲಿಮಾಡುವ ಕೀಳು ಹಾಸ್ಯ. ಇಲ್ಲಿ ಅದನ್ನು ಹೇಳುವ ಅಗತ್ಯವಿಲ್ಲ. ಮರುವರ್ಷ ಅಲ್ಫೋನ್ಸ್ ಅಲೇ ಎಂಬ ಹಾಸ್ಯಲೇಖಕ ಒಂದು ಬಿಳಿಯ ಹಾಳೆಯನ್ನು ಗೋಡೆಗೆ ಅಂಟಿಸಿ, ಹಿಮ ಸುರಿಯುವ ಹೊತ್ತಿನಲ್ಲಿ ರಕ್ತಹೀನ ಬಾಲೆಯರು ಮೊದಲ ಪ್ರಸಾದ ಸ್ವೀಕರಿಸುತ್ತಿರುವ ದೃಶ್ಯವಿದು ಎಂದು ಹೆಸರಿಟ್ಟ. ಆಮೇಲೆ ಕೆಂಪು ಹಾಳೆಯೂ ಬಂತು: ಕೆಂಪು ಸಮುದ್ರದ ದಂಡೆಯಲ್ಲಿ, ಮುಖ ಕೆಂಪೇರಿದ ಕಾರ್ಡಿನಲ್ಲರು ಟೊಮ್ಯಾಟೊ ಕೊಯ್ಯುತ್ತಿರುವುದು! 1897ರಲ್ಲಿ ಇವನ್ನೆಲ್ಲ ಸೇರಿಸಿ ಅವನು ಒಂದು ಪುಸ್ತಕವನ್ನೂ ತಂದ. ಇಲ್ಲಿ ರಸವೆಲ್ಲ ಹೆಸರಿನಲ್ಲಿದೆ. ಹೆಸರು ಓದಿ ನಕ್ಕಮೇಲೆ ಹಾಳೆಯನ್ನು ಮತ್ತೆ ನೋಡುವ ಕಾರಣವೇ ಇಲ್ಲ. ಇದನ್ನು ನೆನಪಿನಲ್ಲಿಡಬೇಕು, ಮುಂದೆ ಬಂದವರು ಅದೇ ಹಾಳೆಯನ್ನು ಮತ್ತೆ ಮತ್ತೆ ನೋಡುವಂತೆ ಮಾಡಲು ಹೊರಟವರು.

ಮೂವತ್ತೆರಡು ವರ್ಷಗಳ ನಂತರ ರಷ್ಯದ ಪೆತ್ರೊಗ್ರಾದ್ ನಗರದಲ್ಲಿ ನಗೆ ಬೇರೆಯದೊಂದಾಗಿ ಮಾರ್ಪಟ್ಟಿತು. ಮೊದಲ ಮಹಾಯುದ್ಧದ ಕಾಲ. 1915ರ ಡಿಸೆಂಬರಿನಲ್ಲಿ ನಡೆದ ಒಂದು ಪ್ರದರ್ಶನದಲ್ಲಿ ಕಾಜಿಮಿರ್ ಮಲೇವಿಚ್ 39 ಚಿತ್ರಗಳನ್ನಿಟ್ಟ. ಅವುಗಳಲ್ಲಿ ಒಂದು, ಬಿಳಿಯ ಅಂಚಿನ ನಡುವೆ ಕಪ್ಪು ಚೌಕ. ಅದನ್ನು ಅವನು ಇತರ ಚಿತ್ರಗಳ ಸಾಲಿನಲ್ಲಿಡಲಿಲ್ಲ. ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ, ಛಾವಣಿಯ ಹತ್ತಿರ ಏರಿಸಿದ. ರಷ್ಯದ ಶ್ರದ್ಧಾವಂತರ ಮನೆಗಳಲ್ಲಿ ಆ ಮೂಲೆ ದೇವರ ಪಟದ ಜಾಗ. ನಮ್ಮ ಮನೆಗಳಲ್ಲಿ ದೇವರ ಗೂಡಿಗೆ ಯಾವ ಸ್ಥಾನವೋ ಅಲ್ಲಿ ಅದಕ್ಕೆ ಆ ಸ್ಥಾನ. ನೋಡಿದವರಿಗೆ ಅರ್ಥವಾಗದೆ ಇರಲಿಲ್ಲ. ಅನೇಕರಿಗೆ ಕೋಪವೂ ಬಂತು.

ಈ ಕಪ್ಪು ಚೌಕವನ್ನು ಪುಸ್ತಕಗಳಲ್ಲಿ ಕಂಡವರಿಗೆ ಅದು ಮುದ್ರಣಾಲಯದ ಮಸಿಯ ಮುದ್ದೆಯಂತೆ ತೋರುವುದು ಸಹಜ. ಅಚ್ಚಿಗೆ ಒಗ್ಗದ ಚಿತ್ರ ಅದು. ಮೂಲ ಚಿತ್ರದ ಕಪ್ಪು ಇಂದು ಕೆರೆಯ ಒಣಗಿದ ಕೆಸರಿನಂತೆ ಬಿರುಕು ಬಿಟ್ಟಿದೆ. ಬಿರುಕುಗಳ ಸಂದಿಯಲ್ಲಿ ಬೇರೆ ಬಣ್ಣಗಳು ಇಣುಕುತ್ತವೆ. 2015ರಲ್ಲಿ ಮಾಸ್ಕೋದ ತ್ರೆತ್ಯಕೋವ್ ಸಂಗ್ರಹಾಲಯದ ತಜ್ಞರು ಕ್ಷಕಿರಣದ ನೆರವಿನಿಂದ ಪರೀಕ್ಷಿಸಿದಾಗ, ಕಪ್ಪಿನ ಅಡಿಯಲ್ಲಿ ಎರಡು ಬಣ್ಣದ ಚಿತ್ರಗಳು ಹೂತುಹೋಗಿರುವುದು ತಿಳಿಯಿತು. ಜೊತೆಗೆ ಅಂಚಿನ ಬಿಳಿಯಲ್ಲಿ ಮಸುಕಾದ ಒಂದು ಬರಹವೂ ಸಿಕ್ಕಿತು. ಅದು ಪ್ಯಾರಿಸಿನ ಆ ಹಳೆಯ ಕಪ್ಪು ತಮಾಷೆಯನ್ನು ನೆನಪಿಸುತ್ತದೆಂದು ತಜ್ಞರು ಓದಿದರು. ಬರೆದವನು ಮಲೇವಿಚನೇ, ಅಥವಾ ಚಿತ್ರವನ್ನು ಹಾಸ್ಯಮಾಡಿದ ಬೇರೊಬ್ಬನೇ ಎಂಬ ವಾದ ಅಂದಿನಿಂದ ನಡೆದಿದೆ. ಯಾರದೇ ಕೈಯಾಗಿರಲಿ, ನಗೆಯೂ ಗಾಂಭೀರ್ಯವೂ ಒಂದೇ ಹಲಗೆಯ ಮೇಲೆ ಕೂತಿರುವುದು ನನಗಂತೂ ಸ್ವಾರಸ್ಯವಾಗಿ ಕಾಣುತ್ತದೆ.

1918ರಲ್ಲಿ ಅವನು ಇನ್ನೂ ಮುಂದೆ ಹೋಗಿ ಬಿಳಿಯ ಮೇಲೆ ಬಿಳಿಯ ಚೌಕವನ್ನು ಬರೆದ. ಓರೆಯಾಗಿ ತೇಲುವ ಆ ಚೌಕದ ಬಿಳಿ ತುಸು ತಂಪು. ಸುತ್ತಲಿನ ಬಿಳಿ ತುಸು ಬೆಚ್ಚಗೆ. ಎರಡು ಬಿಳಿಗಳ ವ್ಯತ್ಯಾಸವೇ ಅಲ್ಲಿ ಚಿತ್ರ. ಹಾಲು, ಮಲ್ಲಿಗೆ, ಸುಣ್ಣದ ಗೋಡೆ, ಒಗೆದ ಪಂಚೆ ಇವೆಲ್ಲ ಬಿಳಿಯೇ ಆದರೂ ಒಂದು ಇನ್ನೊಂದರಂತಿಲ್ಲವೆಂಬುದು ನಮ್ಮ ಕಣ್ಣಿಗೆ ಗೊತ್ತು. ಹೇಳಲು ಭಾಷೆಯಲ್ಲಿ ಪದವಿಲ್ಲ, ಅಷ್ಟೆ.

1921ರಲ್ಲಿ ಅಲೆಕ್ಸಾಂದರ್ ರೋದ್ಚೆಂಕೋ ಮಾಸ್ಕೋದಲ್ಲಿ ಶುದ್ಧ ಕೆಂಪು, ಶುದ್ಧ ಹಳದಿ, ಶುದ್ಧ ನೀಲಿ ಎಂಬ ಮೂರು ಹಲಗೆಗಳನ್ನಿಟ್ಟು, ಚಿತ್ರಕಲೆ ತನ್ನ ಕೊನೆ ಮುಟ್ಟಿತೆಂದು ಸಾರಿ, ಭಿತ್ತಿಪತ್ರ ಮತ್ತು ಛಾಯಾಚಿತ್ರಗಳತ್ತ ಹೊರಟುಹೋದ. ಮಲೇವಿಚನ ಪಾಡು ಬೇರೆ. ಹೊಸ ಸರಕಾರಕ್ಕೆ ಇಂಥ ಚಿತ್ರ ಬೇಡವಾಯಿತು. 1930ರಲ್ಲಿ ಅವನನ್ನು ಬಂಧಿಸಿ ವಿಚಾರಣೆ ಮಾಡಿದರು. ಕೊನೆಯ ವರ್ಷಗಳಲ್ಲಿ ಅವನು ಮತ್ತೆ ಮನುಷ್ಯರ ಮುಖಗಳನ್ನು ಬರೆದ. ಕೆಲವು ಚಿತ್ರಗಳ ಮೂಲೆಯಲ್ಲಿ ರುಜುವಿನ ಬದಲು ಸಣ್ಣದೊಂದು ಕಪ್ಪು ಚೌಕವನ್ನಿಟ್ಟ. 1935ರಲ್ಲಿ ತೀರಿಕೊಂಡಾಗ ಅವನ ಶವವಾಹನದ ಮುಂಭಾಗಕ್ಕೆ ಕಪ್ಪು ಚೌಕವನ್ನು ಕಟ್ಟಿದ್ದರು. ಮೂಲ ಚಿತ್ರ ದಶಕಗಳ ಕಾಲ ಸಂಗ್ರಹಾಲಯದ ಉಗ್ರಾಣದಲ್ಲಿ ಕತ್ತಲೆಯಲ್ಲಿತ್ತು.

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿ ಈ ಹಾದಿಯನ್ನು ಹಿಡಿದವನು ಈವ್ ಕ್ಲೈನ್. ತಂದೆತಾಯಿ ಇಬ್ಬರೂ ಚಿತ್ರಕಾರರು. ಮಗ ಜಪಾನಿಗೆ ಹೋಗಿ ಜೂಡೋ ಕಲಿತು ಬಂದವನು. 1955ರಲ್ಲಿ ಅವನು ಪೂರ್ತಿ ಕಿತ್ತಳೆ ಬಣ್ಣದ ಒಂದು ಚಿತ್ರವನ್ನು ಪ್ಯಾರಿಸಿನ ವಾರ್ಷಿಕ ಪ್ರದರ್ಶನವೊಂದಕ್ಕೆ ಕಳಿಸಿದ. ಅದು ಅಮೂರ್ತ ಕಲೆಗೆಂದೇ ಮೀಸಲಾದ ಪ್ರದರ್ಶನ. ಅಲ್ಲಿಯೂ ತಿರಸ್ಕಾರ! ಒಂದು ಗೆರೆಯನ್ನೋ ಚುಕ್ಕೆಯನ್ನೋ ಎರಡನೆಯ ಬಣ್ಣವನ್ನೋ ಸೇರಿಸಿದರೆ ಒಪ್ಪಿಕೊಳ್ಳುತ್ತೇವೆ ಎಂದರಂತೆ. ಮರುವರ್ಷ ಬೇರೆ ಬೇರೆ ಬಣ್ಣದ ಹಲಗೆಗಳನ್ನು ಒಟ್ಟಿಗೆ ತೋರಿಸಿದಾಗ ಜನ ಅವನ್ನು ಗೋಡೆಯ ಅಲಂಕಾರದಂತೆ ಜೋಡಿಸಿಕೊಂಡು ನೋಡಿದರು. ಬಣ್ಣಗಳು ಎರಡಾದರೆ ಕಣ್ಣು ಹೋಲಿಕೆಗೆ ತೊಡಗುತ್ತದೆ ಎಂದು ಆಗ ಅವನಿಗೆ ಹೊಳೆಯಿತು. 1957ರ ಜನವರಿಯಲ್ಲಿ ಮಿಲಾನಿನಲ್ಲಿ ಅವನು ತೋರಿಸಿದ್ದು ಒಂದೇ ಅಳತೆಯ ಹನ್ನೊಂದು ನೀಲಿ ಹಲಗೆಗಳು. ಒಂದೊಂದಕ್ಕೂ ಬೇರೆ ಬೆಲೆ ಕಟ್ಟಿದ್ದೆನೆಂದು ಆಮೇಲೆ ಹೇಳಿಕೊಂಡ. ಅವನು ಹೇಳಿದ್ದನ್ನೆಲ್ಲ ನಾವು ನಂಬಬೇಕಾಗಿಲ್ಲ. ಆಡಂಬರ ಅವನ ಸ್ವಭಾವ. ಖಾಲಿ ಕೋಣೆಯನ್ನೇ ಪ್ರದರ್ಶನವೆಂದು ತೆರೆದವನು ಅವನು.

ಅವನ ಮಾತನ್ನು ಬದಿಗಿಟ್ಟು ಕೈಕೆಲಸವನ್ನು ನೋಡಿದರೆ ಗೌರವ ಹುಟ್ಟುತ್ತದೆ. ಜಾತ್ರೆಯ ಅಂಗಡಿಯಲ್ಲಿ ಗುಡ್ಡೆ ಹಾಕಿದ ಕುಂಕುಮವನ್ನು ನೆನಪಿಸಿಕೊಳ್ಳಿ. ಒಣಪುಡಿಯಾಗಿದ್ದಾಗ ಅದಕ್ಕಿರುವ ಕಾಂತಿ ಎಣ್ಣೆಯಲ್ಲಿ ಕಲಸಿದೊಡನೆ ಅಡಗಿಬಿಡುತ್ತದೆ. ನೀಲಿಯ ಪುಡಿಗೂ ಅದೇ ಗತಿ. ಪುಡಿಯ ಕಾಂತಿ ಕೆಡದಂತೆ ಅದನ್ನು ಪಟಕ್ಕೆ ಹಿಡಿಸುವ ಅಂಟು ಯಾವುದು? ಪ್ಯಾರಿಸಿನ ಬಣ್ಣದ ವ್ಯಾಪಾರಿ ಎದುವಾರ್ ಆದಾಂ ನೆರವಿನಿಂದ ಕ್ಲೈನ್ ಒಂದು ಕೃತಕ ರಾಳವನ್ನು ಕಂಡುಕೊಂಡ. ಕುಂಚದ ಗುರುತು ಉಳಿಯಬಾರದೆಂದು ರೋಲರಿನಿಂದ ಬಳಿದ. 1960ರಲ್ಲಿ ಆ ಬಣ್ಣದ ವಿಧಾನವನ್ನು ಫ್ರೆಂಚ್ ಸರಕಾರದ ಕಚೇರಿಯಲ್ಲಿ ದಾಖಲೆ ಮಾಡಿಸಿದ. ಅದೇ ವರ್ಷ ಮಾರ್ಚಿನಲ್ಲಿ ಅವನ ಒಂದು ಸಂಗೀತಕೃತಿಯೂ ಪ್ಯಾರಿಸಿನಲ್ಲಿ ಕೇಳಿಬಂತು: ಇಪ್ಪತ್ತು ನಿಮಿಷ ಒಂದೇ ಸ್ವರಮೇಳ, ಅನಂತರ ಇಪ್ಪತ್ತು ನಿಮಿಷ ಮೌನ. ಯೂರೋಪಿನವರಿಗೆ ಇದು ಸೋಜಿಗ. ತಂಬೂರಿಯ ಶ್ರುತಿ ಕೇಳಿ ಬೆಳೆದ ನಮ್ಮ ಕೇಳುಗರಿಗೆ ಅಷ್ಟು ಅಪರಿಚಿತವಾಗಲಾರದು. ಹಾಡುಗಾರ ಬಾಯಿ ತೆರೆಯುವ ಮೊದಲು ಒಂದೇ ಷಡ್ಜದೊಳಗೆ ಎಷ್ಟೊಂದು ನಾದಗಳು ಏಳುತ್ತವೆಂಬುದನ್ನು ಕಿವಿಗೊಟ್ಟವರು ಬಲ್ಲರು. ಕ್ಲೈನ್ 1962ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಸತ್ತ.

ಇವರೆಲ್ಲರಿಗಿಂತ ನನಗೆ ಹತ್ತಿರವೆನಿಸುವ ವ್ಯಕ್ತಿ ಒಬ್ಬ ಕಾವಲುಗಾರ. ರಾಬರ್ಟ್ ರೈಮನ್ ಹುಟ್ಟಿದ್ದು 1930ರಲ್ಲಿ, ಅಮೆರಿಕದ ನ್ಯಾಶ್‌ವಿಲ್ ಪಟ್ಟಣದಲ್ಲಿ. ಸೈನ್ಯದ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನ್ ನುಡಿಸಿ, ಜಾಜ್ ವಾದಕನಾಗಬೇಕೆಂದು ನ್ಯೂಯಾರ್ಕಿಗೆ ಬಂದ. ಹೊಟ್ಟೆಪಾಡಿಗೆ 1953ರಲ್ಲಿ ಅಲ್ಲಿನ ಆಧುನಿಕ ಕಲಾಸಂಗ್ರಹಾಲಯದಲ್ಲಿ ಕಾವಲಿನ ಕೆಲಸಕ್ಕೆ ಸೇರಿದ. ಏಳು ವರ್ಷ ಆ ಕೆಲಸದಲ್ಲಿದ್ದ. ಯೋಚಿಸಿ ನೋಡಿ. ನಾವು ಸಂಗ್ರಹಾಲಯಕ್ಕೆ ಹೋದರೆ ಒಂದು ಚಿತ್ರದ ಮುಂದೆ ಅರ್ಧ ನಿಮಿಷ ನಿಂತರೆ ಹೆಚ್ಚು. ಕಾವಲುಗಾರ ದಿನವಿಡೀ ನಿಲ್ಲಬೇಕು. ಬೆಳಗಿನ ಬೆಳಕಿನಲ್ಲಿ ಕಂಡ ಚಿತ್ರವೇ ಬೇರೆ, ಸಂಜೆಯದೇ ಬೇರೆ. ಪಕ್ಕದಿಂದ ನೋಡಿದರೆ ಬಣ್ಣದ ದಪ್ಪ ಕಾಣುತ್ತದೆ, ಎದುರಿನಿಂದ ಕಾಣದು. ಚಿತ್ರಶಾಲೆಯ ಮೆಟ್ಟಿಲು ಹತ್ತದ ಈತನಿಗೆ ಅದೇ ವಿದ್ಯಾಭ್ಯಾಸವಾಯಿತು.

ಒಂದು ದಿನ ಅವನು ಅಂಗಡಿಗೆ ಹೋಗಿ ಒಂದಿಷ್ಟು ಬಣ್ಣ, ಕುಂಚ, ಪಟಗಳನ್ನು ಕೊಂಡುತಂದ. ಏನನ್ನಾದರೂ ಬರೆಯಬೇಕೆಂಬ ಉದ್ದೇಶ ಅವನಿಗಿರಲಿಲ್ಲ. ಬಣ್ಣ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಬೇಕಿತ್ತು. ದಪ್ಪವಾಗಿ ಹಚ್ಚಿದರೆ ಏನು, ತೆಳುವಾಗಿ ಎಳೆದರೆ ಏನು, ಕುಂಚದಲ್ಲಿ ಬಣ್ಣ ತೀರುತ್ತಾ ಬಂದಾಗ ಗೆರೆ ಹೇಗೆ ಒಡೆಯುತ್ತದೆ? 1955ರಲ್ಲಿ ತೊಡಗಿ 1959ರಲ್ಲಿ ಮತ್ತೆ ಕೈಹಾಕಿದ ಒಂದು ಕಿತ್ತಳೆ ಬಣ್ಣದ ಚೌಕವನ್ನು ಅವನು ತನ್ನ ಮೊದಲ ನಿಜವಾದ ಕೃತಿಯೆಂದು ಎಣಿಸಿದ. ಅನಂತರ ಬದುಕಿನುದ್ದಕ್ಕೂ ಬಿಳಿ, ಬಹುತೇಕ ಚೌಕ. ಬಟ್ಟೆ, ಕಾಗದ, ಉಕ್ಕು, ತಾಮ್ರ ಎಲ್ಲದರ ಮೇಲೂ ಬಿಳಿ ಬಳಿದ. ಪಟವನ್ನು ಗೋಡೆಗೆ ಹಿಡಿಸುವ ಲೋಹದ ಪಟ್ಟಿಯೂ ತಿರುಪು ಮೊಳೆಯೂ ಚಿತ್ರದ ಅಂಗವಾದವು. ಬಿಳಿಯ ಮೇಲಿನ ವ್ಯಾಮೋಹದಿಂದ ಹಾಗೆ ಮಾಡಿದ್ದಲ್ಲ. ಬಿಳಿ ಸುಮ್ಮನಿದ್ದರೆ ಉಳಿದವೆಲ್ಲ ಕಾಣುತ್ತವೆ ಎಂಬುದು ಅವನ ಎಣಿಕೆ. 2019ರಲ್ಲಿ ಅವನು ತೀರಿಕೊಂಡ.

ನಂಬಿಕೆ ಬಾರದವರು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅಂಗೈಯಗಲದ ಎರಡು ರಟ್ಟುಗಳು, ಒಂದೇ ಡಬ್ಬಿಯ ಬಣ್ಣ. ಒಂದಕ್ಕೆ ಕುಂಚವನ್ನು ಅಡ್ಡ ಎಳೆದು ಬಳಿಯಿರಿ, ಇನ್ನೊಂದಕ್ಕೆ ಉದ್ದ ಎಳೆದು. ಒಣಗಿದ ಮೇಲೆ ಕಿಟಕಿಯ ಪಕ್ಕದಲ್ಲಿ ಹಿಡಿದರೆ ಅವು ಒಂದೇ ಬಣ್ಣವಾಗಿ ಉಳಿದಿರುವುದಿಲ್ಲ. ಅಂಚಿನವರೆಗೆ ಬಳಿಯಬೇಕೇ, ಕೂದಲೆಳೆಯಷ್ಟು ಬಿಡಬೇಕೇ ಎಂಬ ಪ್ರಶ್ನೆ ಆಗ ನಮ್ಮನ್ನೂ ಕಾಡತೊಡಗುತ್ತದೆ. ಮಗು ಮಾಡೀತು ಎಂಬುದು ನಿಜ, ಬಳಿದು ಮುಗಿಸೀತು. ಅಂಚಿನ ಪ್ರಶ್ನೆ ಅದನ್ನು ಕಾಡದು.

ರೈಮನ್ ಕೆಲಸ ಮಾಡುತ್ತಿದ್ದ ಅದೇ ಊರಿನಲ್ಲಿ ಆಡ್ ರೈನ್‌ಹಾರ್ಟ್ ಎಂಬ ಚಿತ್ರಕಾರನಿದ್ದ. ವ್ಯಂಗ್ಯಚಿತ್ರಗಳಲ್ಲಿ ಪಳಗಿದ ಕೈ. ಕಾಲೇಜಿನಲ್ಲಿ ಏಷ್ಯದ ಕಲೆಯ ಇತಿಹಾಸವನ್ನು ಬೋಧಿಸುತ್ತಿದ್ದ ವಿದ್ವಾಂಸ. 1960ರಿಂದ 1967ರಲ್ಲಿ ಸಾಯುವವರೆಗೆ ಅವನು ಬರೆದದ್ದು ಐದಡಿ ಚೌಕದ ಕಪ್ಪು ಚಿತ್ರಗಳನ್ನು. ಬಣ್ಣದಲ್ಲಿರುವ ಎಣ್ಣೆಯನ್ನು ಬಸಿದು ತೆಗೆದು, ಹೊಳಪೇ ಇಲ್ಲದ ಕಪ್ಪನ್ನು ಪದರ ಪದರವಾಗಿ ಹಚ್ಚುತ್ತಿದ್ದ. ಮೊದಲು ಕಾಣುವುದು ಬರಿಯ ಕತ್ತಲೆ. ಸಿನಿಮಾ ಮಂದಿರಕ್ಕೆ ತಡವಾಗಿ ಹೋದವರು ಹಾಗೇ ನಿಂತುಕೊಂಡರೆ ಮೆಲ್ಲಗೆ ಕುರ್ಚಿಗಳ ಸಾಲು ಕಾಣುವಂತೆ, ಒಂದೆರಡು ನಿಮಿಷ ನಿಂತವರಿಗೆ ಆ ಕಪ್ಪು ಒಂಬತ್ತು ಚೌಕಗಳಾಗಿ ಒಡೆಯುತ್ತದೆ. ಒಂದರಲ್ಲಿ ಕೆಂಪಿನ ನೆರಳು, ಒಂದರಲ್ಲಿ ನೀಲಿಯ ನೆರಳು, ಇನ್ನೊಂದರಲ್ಲಿ ಹಸಿರಿನದು. ಕಣ್ಣು ಬೇರೆಡೆ ಹೊರಳಿದರೆ ಮತ್ತೆ ಕತ್ತಲೆ. ಎಣ್ಣೆಯಿಲ್ಲದ ಆ ಮೈಗೆ ಬೆರಳು ತಾಗಿದರೂ ಕಲೆ ನಿಲ್ಲುತ್ತದೆ. ಏನೂ ಇಲ್ಲವೆಂದು ಮುಟ್ಟಿ ನೋಡಿದವರಿಂದಲೇ ಎಷ್ಟೋ ಚಿತ್ರಗಳು ಕೆಟ್ಟವು. 1963ರ ಪ್ರದರ್ಶನದಲ್ಲಿ ಅವುಗಳ ಮುಂದೆ ಹಗ್ಗ ಕಟ್ಟಬೇಕಾಯಿತು.

ನಮ್ಮ ದೇಶದಲ್ಲಿ ಈ ತಾಳ್ಮೆಯನ್ನು ಸಾಧಿಸಿದವರು ವಾಸುದೇವ ಗಾಯ್ತೊಂಡೆ. 1924ರಲ್ಲಿ ನಾಗಪುರದಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1964ರಲ್ಲಿ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿಗೆ ಹೋಗಿ ಬಂದರು. ತಮ್ಮ ಚಿತ್ರಗಳನ್ನು ಅಮೂರ್ತವೆಂದರೆ ಅವರಿಗೆ ಸರಿಬರುತ್ತಿರಲಿಲ್ಲ. ರೋಲರು ಮತ್ತು ಬಣ್ಣ ಹೆರೆಯುವ ಅಲಗು ಅವರ ಸಲಕರಣೆಗಳು: ಪದರ ಹಚ್ಚುವುದು, ಹೆರೆಯುವುದು, ಮತ್ತೆ ಹಚ್ಚುವುದು. ಒಂದೇ ಬಣ್ಣದ ಆಳದಲ್ಲಿ ಎಂದೋ ಬರೆದು ಅಳಿಸಿದ ಲಿಪಿಯಂಥ ಗುರುತುಗಳು ತೇಲುತ್ತವೆ. ವರ್ಷಕ್ಕೆ ಆರೇಳಕ್ಕಿಂತ ಹೆಚ್ಚು ಚಿತ್ರಗಳಿಲ್ಲ. ಉಳಿದ ಕಾಲವೆಲ್ಲ ಕಾಯುವುದರಲ್ಲಿ ಕಳೆಯುತ್ತಿತ್ತು. ದೆಹಲಿಯಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದೆ ಬದುಕಿ 2001ರಲ್ಲಿ ತೀರಿಕೊಂಡರು. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯ ಅವರ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು.

ಮೊದಲಿನ ಸಂಶಯಕ್ಕೆ ಮರಳೋಣ. ಇದರಲ್ಲಿ ಏನೂ ಇಲ್ಲ, ಯಾರು ಬಳಿದರೂ ಒಂದೇ ಎಂಬ ಮಾತನ್ನು ಒಂದು ಸಲ ನಿಜವಾಗಿಯೇ ಒರೆಗೆ ಹಚ್ಚಿದಂತಾಯಿತು. ಆಮ್‌ಸ್ಟರ್‌ಡಾಮಿನ ಸ್ಟೆಡೆಲಿಕ್ ಸಂಗ್ರಹಾಲಯದಲ್ಲಿ ಬಾರ್ನೆಟ್ ನ್ಯೂಮನ್‌ನ ಒಂದು ಚಿತ್ರವಿದೆ, ಐದು ಮೀಟರಿಗೂ ಮಿಕ್ಕಿದ ಅಗಲ, ಎರಡು ಅಂಚುಗಳಲ್ಲಿ ಕಿರಿದಾದ ನೀಲಿ, ಹಳದಿ ಪಟ್ಟಿಗಳು, ಉಳಿದದ್ದೆಲ್ಲ ಕೆಂಪು. 1986ರ ಮಾರ್ಚಿನಲ್ಲಿ ಒಬ್ಬ ಮನುಷ್ಯ ಒಳಗೆ ಬಂದು ಚಾಕುವಿನಿಂದ ಆ ಕೆಂಪನ್ನು ಉದ್ದಕ್ಕೂ ಸೀಳಿದ. ಚಿತ್ರವನ್ನು ದುರಸ್ತಿಗೆ ಅಮೆರಿಕಕ್ಕೆ ಕಳಿಸಿದರು. 1991ರಲ್ಲಿ ಅದು ಮರಳಿದಾಗ ಸೀಳಿನ ಗುರುತಿರಲಿಲ್ಲ. ಆದರೆ ಮೊದಲು ಆ ಚಿತ್ರವನ್ನು ನೋಡಿ ಬಲ್ಲವರು ಕೆಂಪು ಸತ್ತುಹೋಗಿದೆ ಎಂದರು. ಮೂಲದ ತೆಳು ಪದರಗಳ ಮೇಲೆ ರೋಲರಿನಿಂದ ಹೊಸ ಬಣ್ಣ ಬಳಿಯಲಾಗಿದೆ ಎಂಬ ಆರೋಪ ಎದ್ದಿತು. ದುರಸ್ತಿ ಮಾಡಿದವನು ನಿರಾಕರಿಸಿದ. ಪ್ರಯೋಗಾಲಯದ ಪರೀಕ್ಷೆ, ಮೊಕದ್ದಮೆ ಎಲ್ಲವೂ ನಡೆದವು. ಅದೇ ಮನುಷ್ಯ 1997ರಲ್ಲಿ ಮತ್ತೆ ಬಂದ. ಹುಡುಕಿದ ಕೆಂಪು ಚಿತ್ರ ಅವನಿಗೆ ಸಿಗಲಿಲ್ಲ. ನ್ಯೂಮನ್‌ನದೇ ಇನ್ನೊಂದು, ವಿಶಾಲವಾದ ನೀಲಿ ಚಿತ್ರವನ್ನು ಸೀಳಿದ. ಈ ಬಾರಿ ಸಂಗ್ರಹಾಲಯದವರು ಅದನ್ನು ಹೊರಗೆ ಕಳಿಸಲಿಲ್ಲ. ವರ್ಷಗಟ್ಟಲೆ ಕೂತು, ಸೀಳಿದ ಬಟ್ಟೆಯನ್ನು ನವುರಾಗಿ ಹೊಲಿದು ಕೂಡಿಸಿ, ಗಾಯವಾದಷ್ಟು ಜಾಗಕ್ಕೆ ಮಾತ್ರ ನೀಲಿಯನ್ನು ಹಚ್ಚಿದರು.