ಕೇಬಲ್ ಮೈಮೇಲಿನ ಲೋಹದ ಲೆಕ್ಕ

ಲಂಡನ್ನಿನ ಡೆಪ್ಟ್‌ಫರ್ಡ್ ವಿದ್ಯುತ್ ಕೇಂದ್ರದಿಂದ ನಗರದ ನಡುವಿಗೆ 10,000 ವೋಲ್ಟ್ ಒಯ್ಯಲು ಸೆಬಾಸ್ಟಿಯನ್ ಡಿ ಫೆರಾಂಟಿ ಹೊರಟಾಗ ಅವರಿಗಿನ್ನೂ 30 ತುಂಬಿರಲಿಲ್ಲ. ಬೀದಿ ಅಗೆಯುವವರ ಹಾರೆ ಕೇಬಲ್‌ಗೆ ತಗುಲಿದರೆ ಗತಿಯೇನು ಎಂಬುದು ಅಧಿಕಾರಿಗಳ ಆತಂಕ. ಫೆರಾಂಟಿ ಪ್ರಯೋಗ ಮಾಡಿಯೇ ತೋರಿಸಿದರು. ವಿದ್ಯುತ್ ಇದ್ದ ಕೇಬಲ್ ಮೇಲೆ ಸಹಾಯಕನೊಬ್ಬ ಉಳಿ ಹಿಡಿದ, ಇನ್ನೊಬ್ಬ ಸುತ್ತಿಗೆಯಿಂದ ಹೊಡೆದ. ಉಳಿ ಒಳಗಿನ ತಾಮ್ರದವರೆಗೂ ಇಳಿಯಿತು. ಹಿಡಿದವನಿಗೆ ಏನೂ ಆಗಲಿಲ್ಲ.

ಅವನನ್ನು ಉಳಿಸಿದ್ದು ಹೊರಗಿನ ಲೋಹ. ಆ ಕೇಬಲ್‌ನಲ್ಲಿ ಒಂದರೊಳಗೊಂದು ಎರಡು ತಾಮ್ರದ ಕೊಳವೆಗಳು, ನಡುವೆ ಮೇಣದಲ್ಲಿ ನೆನೆಸಿದ ಕಾಗದ. ಹೊರಕೊಳವೆಯನ್ನು ನೆಲಕ್ಕೆ ಜೋಡಿಸಿ ಅರ್ಥಿಂಗ್ ಮಾಡಲಾಗಿತ್ತು. ಉಳಿ ಮೊದಲು ಅದನ್ನೇ ಸೀಳಿದ್ದರಿಂದ ವಿದ್ಯುತ್ತು ಮನುಷ್ಯನ ಮೈ ಬಿಟ್ಟು ಆ ದಾರಿ ಹಿಡಿಯಿತು. ವಿದ್ಯುತ್ತು ಮರಳುವ ದಾರಿಯೂ ಅದೇ ಆಗಿದ್ದರಿಂದ ಅಲ್ಲಿ ತಾಮ್ರಕ್ಕೆ ಕೊರತೆಯಿರಲಿಲ್ಲ.

ಮುಂದೆ ಕಾಗದಕ್ಕೆ ತೇವ ತಾಗದಂತೆ ಸೀಸದ ಕವಚ ಬಂತು. 1914ರಲ್ಲಿ ಜರ್ಮನಿಯ ಮಾರ್ಟಿನ್ ಹೋಕ್‌ಸ್ಟೆಟರ್ ಪ್ರತಿ ಕೋರ್‌ಗೂ, ಅಂದರೆ ನಿರೋಧಕ ಹೊದ್ದ ಪ್ರತಿ ತಂತಿಗೂ, ತೆಳುವಾದ ಲೋಹದ ಸ್ಕ್ರೀನ್ ಸುತ್ತುವ ವಿಧಾನ ರೂಪಿಸಿದರು. ಅದರ ಉದ್ದೇಶ ನಿರೋಧಕದೊಳಗಿನ ವಿದ್ಯುತ್ ಕ್ಷೇತ್ರವನ್ನು ಸಮವಾಗಿಡುವುದು. ನಿರೋಧಕ ಒಡೆದು ವಿದ್ಯುತ್ತು ನೆಲದತ್ತ ಹರಿಯುವ ಅರ್ಥ್ ಫಾಲ್ಟ್‌ನ ಹೊರೆ ಬೀಳುತ್ತಿದ್ದುದು ದಪ್ಪ ಸೀಸದ ಮೇಲೆಯೇ.

1963ರಲ್ಲಿ ಅಮೆರಿಕದಲ್ಲಿ ಎಕ್ಸ್‌ಎಲ್‌ಪಿಇ ಎಂಬ ನಿರೋಧಕ ಪ್ಲಾಸ್ಟಿಕ್ ಹುಟ್ಟಿತು. ಕಾಲಕ್ರಮೇಣ ಅದು ಕಾಗದದ ಜಾಗಕ್ಕೆ ಬಂದಾಗ, ಎಷ್ಟೋ ಕೇಬಲ್‌ಗಳಲ್ಲಿ ಭಾರವಾದ ಸೀಸ ಹೋಗಿ ತಾಮ್ರದ ಎಳೆಗಳ ಸ್ಕ್ರೀನ್ ಬಂತು. ಆಗ ಎದ್ದ ಪ್ರಶ್ನೆ: ಫಾಲ್ಟ್‌ನ ಹೊರೆ ಹೊರಲು ಎಷ್ಟು ತಾಮ್ರ ಸಾಕು?

ಫಾಲ್ಟ್ ಆದ ಕ್ಷಣದಿಂದ ಬ್ರೇಕರ್ ಬೀಳುವವರೆಗೆ ಹೆಚ್ಚೆಂದರೆ ಒಂದೆರಡು ಸೆಕೆಂಡು. ಅಷ್ಟರಲ್ಲಿ ಶಾಖ ಹೊರಹೋಗಲು ಪುರುಸೊತ್ತಿಲ್ಲ. ಎಲ್ಲವೂ ಲೋಹದಲ್ಲೇ ಉಳಿಯುತ್ತದೆ ಎಂದು ಹಿಡಿದು ಲೆಕ್ಕ ಹಾಕುತ್ತಾರೆ. 40 ಕಿಲೋಆಂಪಿಯರ್ ಒಂದು ಸೆಕೆಂಡು ಹರಿದು, ತಾಮ್ರ 80ರಿಂದ 250 ಡಿಗ್ರಿ ಸೆಲ್ಸಿಯಸ್‌ಗೆ ಏರಬಹುದೆಂದರೆ, ಸುಮಾರು 270 ಚದರ ಮಿಲಿಮೀಟರ್ ಬೇಕು. ಸೀಸವಾದರೆ, 200 ಡಿಗ್ರಿಗೇ ನಿಲ್ಲಿಸುವಂತಿದ್ದರೆ, 1,700 ದಾಟುತ್ತದೆ. ಸಮಯವನ್ನು ಕಾಲು ಸೆಕೆಂಡಿಗೆ ಇಳಿಸಿದರೆ ಅರ್ಧದಷ್ಟು ಲೋಹ ಸಾಕು. ಶಾಖ ಸ್ವಲ್ಪಮಟ್ಟಿಗೆ ಸುತ್ತಲಿನ ಪದರಗಳಿಗೂ ಇಳಿಯುತ್ತದೆಂದು ಪರಿಗಣಿಸುವ ವಿಧಾನವನ್ನು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1988ರಲ್ಲಿ ಐಇಸಿ 60949 ಎಂಬ ಮಾನಕವಾಗಿ ಪ್ರಕಟಿಸಿತು.

ಲೆಕ್ಕ ಒಮ್ಮೆ ಮಾಡಿದರೆ ಮುಗಿಯುವುದಿಲ್ಲ. ಜಾಲಕ್ಕೆ ಹೊಸ ಉತ್ಪಾದನಾ ಘಟಕಗಳು, ಟ್ರಾನ್ಸ್‌ಫಾರ್ಮರ್‌ಗಳು ಸೇರಿಕೊಂಡಂತೆಲ್ಲ ಫಾಲ್ಟ್ ಕರೆಂಟ್ ಏರುತ್ತದೆ. ನೆಲದಡಿ ಹೂತ ಸ್ಕ್ರೀನ್ ಮಾತ್ರ ಹಳೆಯ ಅಳತೆಯಲ್ಲೇ ಇರುತ್ತದೆ. ಬೆಂಗಳೂರಿನಂಥ ಬೆಳೆಯುವ ಊರುಗಳಲ್ಲಿ ಜಾಲ ವಿಸ್ತರಿಸುವವರು ಹಳೆಯ ಕೇಬಲ್‌ಗಳ ಸ್ಕ್ರೀನ್ ಲೆಕ್ಕವನ್ನೂ ಮತ್ತೊಮ್ಮೆ ತೆಗೆದು ನೋಡಲೇಬೇಕು.